ಅಮ್ಮ ಹಾರಿಸಿದ ಶಬ್ದ

ಮನೆಯಿಂದ,
ಭಾನುವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟ ನೋವು ಈಗ ಪರವಾಗಿಲ್ಲವೇ? ಭಾವ ಹೊಸ ವರ್ಷಕ್ಕೆ ಕಳಿಸಿದ ಕಾರ್ಡಿನಲ್ಲಿ ಎರಡೇ ಸಾಲು ಬರೆದಿದ್ದರು. ಒಂದು ಸಾಲಿನಲ್ಲಿ ಶುಭಾಶಯ, ಇನ್ನೊಂದರಲ್ಲಿ ನಿನ್ನ ಸೊಂಟ. ಊರಿಗೆಲ್ಲ ಕುಡಿಯುವ ನೀರನ್ನು ದಿನವಿಡೀ ನಿಂತು ಪರೀಕ್ಷೆ ಮಾಡುವವಳು ನೀನು. ಒಂದು ಎತ್ತರದ ಸ್ಟೂಲು ಕೊಡಿ ಎಂದು ಆ ಲ್ಯಾಬಿನವರನ್ನು ಕೇಳಲಿಕ್ಕೇನು ಧಾಡಿ? ಕೇಳುವುದಿಲ್ಲ, ಗೊತ್ತು. ಕೇಳಿ ಪಡೆಯುವ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ. ಭಾವನಿಗೆ ನೆಗಡಿ ಬಂದರೆ ತಿಂಗಳಾನುಗಟ್ಟಲೆ ಇರುತ್ತಿತ್ತಲ್ಲ, ಈಗಲೂ ಹಾಗೆಯೇ ಇದೆಯೇ? ಫೋನ್ ಮಾಡದೆ ಕಾಗದ ಯಾಕೆ ಬರೆಯುತ್ತಿದ್ದಾನೆ ಇವನು ಎಂದು ನೀನು ಹುಬ್ಬು ಗಂಟು ಹಾಕಿರುತ್ತೀಯ. ಫೋನ್ ಮಾಡಿದರೆ ನೀನು ಕ್ಷೇಮ ಸಮಾಚಾರ ಮುಗಿಸಿ, ಅಮ್ಮನ ಹೆಸರು ಬರುವ ಹೊತ್ತಿಗೆ ಸರಿಯಾಗಿ ಯಾರೋ ಕರೀತಿದಾರೆ ಕಣೋ ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ನಡುವೆ ಕತ್ತರಿಸಲು ಬರುವುದಿಲ್ಲ. ಹರಿದು ಹಾಕಬಹುದು, ನಿಜ. ಆದರೆ ಹಳೇ ಬಸ್ ಟಿಕೀಟನ್ನೂ ಪುಸ್ತಕದೊಳಗೆ ಇಟ್ಟುಕೊಳ್ಳುವವಳು ನೀನು, ಓದದೆ ಹರಿಯಲಾರೆ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಹೋಗಿ ಇದ್ದೇವೆ ಎಂದಷ್ಟೇ ಬರೆದೆ, ಅದು ಹೆಚ್ಚು ಸರಿ. ನಾನು ಅದೇ ಕನ್ನಡಕದ ಅಂಗಡಿಯಲ್ಲಿ, ಅದೇ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತೇನೆ. ನನ್ನವಳು ಡ್ರೈಕ್ಲೀನಿಂಗ್ ಕೌಂಟರಿನಲ್ಲಿದ್ದಾಳೆ. ಜನ ಕೋಟಿನ ಜೇಬಿನಲ್ಲಿ ಏನೇನು ಮರೆತು ಹೋಗುತ್ತಾರೆಂದು ದಿನಾ ಸಂಜೆ ಒಂದು ಕಥೆ ತರುತ್ತಾಳೆ. ಮೊನ್ನೆ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿತಂತೆ. ನಮ್ಮ ಮಗಳು ಗುಬ್ಬಿಗೆ ಮುಂದಿನ ಹಲ್ಲು ಬಿದ್ದಿದೆ. ಆ ಸೆಟ್ಟನ್ನು ನನಗೆ ತಂದುಕೊಡಬಾರದಿತ್ತೇ ಎಂದು ಅವರಮ್ಮನ ಜೊತೆ ಜಗಳ ಆಡಿದಳು. ನೀನು ಅವಳನ್ನು ನೋಡಿಯೇ ಇಲ್ಲ. ನೋಡಲು ನಿನ್ನ ಹಾಗೆಯೇ ಇದ್ದಾಳೆ, ಗದ್ದವಂತೂ ಥೇಟ್ ನಿನ್ನದೇ. ಅಮ್ಮ ಒಮ್ಮೊಮ್ಮೆ ಅವಳನ್ನು ನಿನ್ನ ಹೆಸರು ಹಿಡಿದು ಕರೆದು, ಕರೆದದ್ದು ಗೊತ್ತಾಗದವಳಂತೆ ಬೇರೆ ಮಾತು ತೆಗೆಯುತ್ತಾಳೆ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಅಮ್ಮನಿಗೆ ಎರಡು ಕೈಗೂ ಜೋಮು. ಮೊದಲು ಬೆರಳ ತುದಿಯಲ್ಲಿ ಇತ್ತು. ಗುಂಡಿ ಹಾಕಲು ಆಗುವುದಿಲ್ಲ, ಪುಟ ತಿರುಗಿಸಿದರೆ ಒಂದರ ಬದಲು ನಾಲ್ಕು ತಿರುಗುತ್ತವೆ ಎಂದು ಗೊಣಗುತ್ತಿದ್ದಳು. ವಯಸ್ಸಾಯಿತು ಬಿಡು ಎಂದುಕೊಂಡೆವು. ಒಂದು ದಿನ ಸಂಜೆ ಅಡುಗೆಮನೆಯಲ್ಲಿ ಗುಬ್ಬಿಗೆ ಏನೋ ಹೇಳುತ್ತಾ ನಿಂತಿದ್ದಾಳೆ, ಕೈ ಕುದಿಯುವ ಕೆಟಲಿನ ಮೇಲಿದೆ. ಮಾತು ಮುಂದುವರಿಸುತ್ತಲೇ ಇದ್ದಾಳೆ. ಗುಬ್ಬಿ ಕಿರುಚಿದಾಗ ಅಮ್ಮ ತಿರುಗಿ ನೋಡಿ, ಯಾರದ್ದೋ ಕೈ ಎಂಬಂತೆ ಅದನ್ನು ಎತ್ತಿಕೊಂಡಳಂತೆ. ಅಂಗೈ ಬೊಬ್ಬೆ ಎದ್ದಿತ್ತು. ನೋವಾಗಲಿಲ್ಲವೇನಮ್ಮ ಎಂದರೆ, "ಆಗಿದ್ದಿದ್ರೆ ತೆಗೀತಿರಲಿಲ್ವಾ? ಅದೆಂಥ ಪ್ರಶ್ನೆ" ಎಂದು ನನಗೇ ಗದರಿದಳು. ಕತ್ತಿನ ಮೂಳೆ ನರವನ್ನು ಒತ್ತುತ್ತಿದೆ ಎಂದು ಡಾಕ್ಟರು ಹೇಳಿದ್ದಾರೆ. ಈಗ ಕಾಲಿಗೂ ಸ್ವಲ್ಪ ಇಳಿದಿದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು, ಎದುರಿನ ಬಸ್ ಸ್ಟಾಪನ್ನು ನೋಡುತ್ತಿರುತ್ತಾಳೆ. ಮಾತು ಮಾತ್ರ ಒಂದಿಷ್ಟೂ ಮೆತ್ತಗಾಗಿಲ್ಲ.

ಕೈ ಹೋದಾಗ ಅಮ್ಮ ಮೊದಲು ಚಿಂತೆ ಮಾಡಿದ್ದು ಪುಸ್ತಕಕ್ಕೆ. ನೀನು ಮನೆಯಲ್ಲಿದ್ದಾಗಲೇ ಶುರುವಾಗಿತ್ತಲ್ಲ, ಮಂಚದ ಕೆಳಗಿನ ಬೂಟಿನ ಡಬ್ಬಗಳು, ಅವುಗಳ ತುಂಬಾ ಚೀಟಿಗಳು! ಅದೇ ಪುಸ್ತಕ. ಇಂಗ್ಲಿಷಿನ ಹಳೇ ಕಾವ್ಯ, ನಾಟಕ ಓದುವ ಮಕ್ಕಳು ಎಡವುವುದು ಗೊತ್ತಿಲ್ಲದ ಶಬ್ದಗಳಲ್ಲಿ ಅಲ್ಲ, ಗೊತ್ತಿದೆ ಅಂದುಕೊಂಡ ಶಬ್ದಗಳಲ್ಲಿ ಎಂದು ಅಮ್ಮ ಪಾಠ ಮಾಡುತ್ತಿದ್ದ ಕಾಲದಿಂದಲೂ ಹೇಳುತ್ತಿದ್ದಳು. "ಅಂಗಿ ಅದೇ ಇರುತ್ತೆ ಕಣೋ, ಒಳಗಿರೋ ಮನುಷ್ಯ ಬೇರೆ." ಅಂಥ ಶಬ್ದಗಳನ್ನೆಲ್ಲ ಹಿಡಿದು, ಹಳೆಯ ಅರ್ಥ ಕನ್ನಡದಲ್ಲಿ ಕೊಡುವ ಚಿಕ್ಕ ಕೋಶ. ಅವಳು ಮೊದಲು ಕೆಲಸ ಮಾಡುತ್ತಿದ್ದ ಕಾಲೇಜಿನವರೇ ಅಚ್ಚು ಹಾಕಿಸುತ್ತಾರೆ. ಬರೆಯಲು ಬೆರಳು ಇಲ್ಲ, ಕೀ ಒತ್ತಲೂ ಇಲ್ಲ. ಹಾಗಾಗಿ ಅಂಗಡಿಯಿಂದ ಬಂದ ಮೇಲೆ, ರಜೆಯ ದಿನ ಮಧ್ಯಾಹ್ನ, ಅಮ್ಮ ಹೇಳುವುದು ನಾನು ಟೈಪು ಮಾಡುವುದು ಎಂದಾಯಿತು. ನನ್ನ ಇಂಗ್ಲಿಷಿನ ವೈಭವ ನಿನಗೆ ಗೊತ್ತೇ ಇದೆ. ಇಂಗ್ಲಿಷ್ ಟೀಚರಮ್ಮನ ಮಗ ಇಂಗ್ಲಿಷಿನಲ್ಲಿ ಡುಮ್ಕಿ ಎಂದು ಇಡೀ ಶಾಲೆ ನಕ್ಕಿತ್ತಲ್ಲ, ಆ ಮಗನೇ ಈಗ ಅವಳ ಕೈ. ಮೊದಲ ವಾರ ಅವಳು ಬೈದ ಬೈಗುಳವನ್ನು ಕೂಡಿಸಿಟ್ಟಿದ್ದರೆ ಅದೇ ಒಂದು ಕೋಶವಾಗುತ್ತಿತ್ತು.

ಆದರೂ ಒಂದು ಮಾತು ಹೇಳುತ್ತೇನೆ ಅಕ್ಕಾ, ಆ ಸಂಜೆಗಳು ಚೆನ್ನಾಗಿದ್ದವು. ಅಮ್ಮ ಕಣ್ಣು ಮುಚ್ಚಿ ಒಂದು ಶಬ್ದ ಹೇಳುತ್ತಿದ್ದಳು. ಅದು ಯಾವ ಕಾಲದಲ್ಲಿ ಏನಾಗಿತ್ತು, ಯಾರ ಬಾಯಲ್ಲಿ ಹೇಗೆ ತಿರುಗಿತು ಎಂದು, ನೆಂಟರ ಮನೆಯ ಹುಡುಗ ಹೇಗೆ ಕೆಟ್ಟ ಎಂದು ಹೇಳುವ ಹಾಗೆ ಹೇಳುತ್ತಿದ್ದಳು. ಫಾಂಡ್ ಅಂದರೆ ಈಗ ಅಕ್ಕರೆ, ಆಗ ಬರೀ ದಡ್ಡತನ. ಅದಕ್ಕೆ ಕನ್ನಡ ಏನು ಎಂದು ಅವಳು ಯೋಚಿಸುವಷ್ಟರಲ್ಲಿ ನನ್ನವಳು ಬಟ್ಟೆ ಮಡಚುತ್ತಾ, ಮರುಳು ಅನ್ನಿ ಅತ್ತೆ, ಮರುಳಾದರೂ ಅದೇ, ಮರುಳ ಅಂದರೂ ಅದೇ ಎಂದಳು. ಅಮ್ಮ ಕಣ್ಣು ಬಿಟ್ಟು ಸೊಸೆಯನ್ನು ಆವತ್ತೇ ಮೊದಲ ಸಲ ನೋಡುವವಳಂತೆ ನೋಡಿ, "ಬರಿ, ಅದನ್ನೇ ಬರಿ" ಎಂದಳು. ಗರ್ಲ್ ಅಂದರೆ ಒಂದು ಕಾಲದಲ್ಲಿ ಹೆಣ್ಣೇ ಆಗಬೇಕಿರಲಿಲ್ಲವಂತೆ, ಗಂಡಾಗಲಿ ಹೆಣ್ಣಾಗಲಿ ಮಗು ಅಂದರೆ ಸಾಕು. ಗುಬ್ಬಿ ಅದನ್ನು ಕೇಳಿಸಿಕೊಂಡು ಶಾಲೆಯಲ್ಲಿ ತನ್ನ ಬೆಂಚಿನ ಹುಡುಗನಿಗೆ ನೀನೂ ಗರ್ಲ್ ಎಂದು ಹೇಳಿ, ಅವನು ಅತ್ತು, ನನ್ನನ್ನು ಕರೆಸಿದರು. ನೈಸ್ ಎಂದರೆ ಮೊದಲು ಏನೂ ತಿಳಿಯದ ಪೆದ್ದ. ಅಂಗಡಿಯಲ್ಲಿ ಗಿರಾಕಿಗಳು ಕನ್ನಡಿಯ ಮುಂದೆ ಹೊಸ ಕನ್ನಡಕ ಹಾಕಿಕೊಂಡು ವೆರಿ ನೈಸ್ ಎಂದಾಗಲೆಲ್ಲ ನಗು ತಡೆದುಕೊಳ್ಳುವುದೇ ನನಗೊಂದು ಕೆಲಸವಾಯಿತು.

ಒಂದು ದಿನ ನಂಬ್ ಎಂಬ ಶಬ್ದ ಬಂತು. ಜೋಮು, ಮರಗಟ್ಟಿದ್ದು. ಅದು ಬಂದದ್ದು ತೆಗೆದುಕೊಳ್ಳು ಎಂಬ ಅರ್ಥದ, ಈಗ ಸತ್ತೇಹೋಗಿರುವ ಒಂದು ಹಳೇ ಕ್ರಿಯಾಪದದಿಂದಂತೆ. ನಂಬ್ ಎಂದರೆ ಹಿಡಿದುಕೊಂಡು ಹೋದದ್ದು, ಕಿತ್ತುಕೊಂಡದ್ದು. "ನಾವೂ ಜೋಮು ಹಿಡೀತು ಅಂತೀವಲ್ಲ, ಯಾರು ಹಿಡಿದ್ರು ಅಂತ ಮಾತ್ರ ಕೇಳಲ್ಲ" ಎಂದು ಹೇಳಿ ಮಡಿಲಲ್ಲಿದ್ದ ಕೈಗಳನ್ನು ನೋಡಿದಳು. ಆಮೇಲೆ ಮುಂದಿನ ಶಬ್ದ ಎಂದಳು. ನಾನೂ ಮುಂದಿನದನ್ನು ಹೊಡೆದೆ. ಹಾಗೆಯೇ ನಡೆಯುತ್ತದೆ ಇಲ್ಲಿ. ಏನೋ ಒಂದು ಬಾಗಿಲವರೆಗೆ ಬಂದು ನಿಲ್ಲುತ್ತದೆ, ನಾವು ಮುಂದಿನ ಶಬ್ದ ಎನ್ನುತ್ತೇವೆ.

ಈಗ ನಿನಗೆ ಬೇಡವಾದ ಜಾಗಕ್ಕೆ ಬರುತ್ತೇನೆ. ಕಾಗದ ಕೆಳಗಿಟ್ಟು ನೀರು ಕುಡಿದು ಬಾ. ನಾನೂ ಕುಡಿದು ಬಂದೆ.

ಒಂದು ದಿನ ಅಮ್ಮ ನಿದ್ದೆ ಮಾಡುತ್ತಿದ್ದಾಗ ಕಾಗುಣಿತ ನೋಡಿಕೊಳ್ಳಲೆಂದು ಅವಳ ದೊಡ್ಡ ನಿಘಂಟು ತೆಗೆದಿದ್ದೆ. ನೋಡಬೇಕಾದದ್ದು ಬೇರೆ, ಕಣ್ಣು ಬಿದ್ದದ್ದು ಸಿಲ್ಲಿ ಎಂಬುದರ ಮೇಲೆ. ಆ ಶಬ್ದ ನೋಡಿದರೆ ನನಗೆ ಈಗಲೂ ಆಸ್ಪತ್ರೆಯ ಫಿನಾಯಿಲಿನ ವಾಸನೆ ಬರುತ್ತದೆ. ನಿನಗೆ ಹೇಗೋ ಗೊತ್ತಿಲ್ಲ. ಮುಚ್ಚಬೇಕು ಎಂದುಕೊಂಡವನು ಓದಿದೆ. ಮೊಟ್ಟಮೊದಲು ಅದಕ್ಕೆ ಇದ್ದ ಅರ್ಥ ಪುಣ್ಯವಂತ, ಸುಖಿ. ಆಮೇಲೆ ಏನೂ ಅರಿಯದ, ನಿಷ್ಪಾಪಿ. ಆಮೇಲೆ ದಿಕ್ಕಿಲ್ಲದ, ಅಯ್ಯೋ ಅನ್ನಿಸುವಂಥ. ಹಳೇ ಪದ್ಯಗಳಲ್ಲಿ ಕುರಿಮರಿಗೆ, ಹಡಗು ಮುಳುಗಿ ದಡಕ್ಕೆ ಬಿದ್ದವರಿಗೆ, ಅನಾಥರಿಗೆ ಆ ಶಬ್ದ ಬಳಸುತ್ತಿದ್ದರಂತೆ. ಪೆದ್ದು ಎಂಬ ಅರ್ಥ ಬಂದದ್ದು ಎಲ್ಲಕ್ಕಿಂತ ಕೊನೆಗೆ. ನಾನು ನಿಂತಲ್ಲೇ ಕೂತೆ. ನಿನಗೂ ಆ ದಿನ ಮರೆತಿಲ್ಲ ಎಂದು ಗೊತ್ತು. ನಿನ್ನ ಮಗು ಉಸಿರಿಲ್ಲದೆ ಹುಟ್ಟಿದ ದಿನ, ನೀನು ಗೋಡೆಯ ಕಡೆ ನೋಡುತ್ತಾ ಮಲಗಿದ್ದೆ. ಭಾವ ಒಂದು ಟವೆಲನ್ನು ಮಡಚುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಮಡಚುತ್ತಿದ್ದರು. ನಾನು ಬಾಗಿಲಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದೆ. ಯಾರೂ ಅಳುತ್ತಿರಲಿಲ್ಲ. ಅಮ್ಮ ಒಳಗೆ ಬಂದಳು, ಮಂಚದ ಬಳಿ ನಿಂತಳು, ನಿನ್ನನ್ನು ಮುಟ್ಟಲಿಲ್ಲ. "ಪೂರ್ ಸಿಲ್ಲಿ ಗರ್ಲ್" ಎಂದಳು. ಮೂರೇ ಶಬ್ದ. ಆಮೇಲೆ ನೀನು ಒಂದೇ ಸಲ, ನನ್ನ ಹತ್ತಿರ ಹೇಳಿದ್ದೆ: ನನ್ನ ಮಗು ಸತ್ತ ದಿನ ಅವಳು ನನ್ನನ್ನು ಪೆದ್ದಿ ಅಂದಳು, ಇನ್ನು ಆ ಮನೆಗೆ ಕಾಲಿಡಲ್ಲ ಎಂದು. ಇಟ್ಟಿಲ್ಲ.

ನಿಘಂಟು ಮಡಿಲಲ್ಲಿಟ್ಟುಕೊಂಡು ನಾನು ಲೆಕ್ಕ ಹಾಕಿದೆ. ಅಮ್ಮ ಜೀವಮಾನವಿಡೀ ಹಳೇ ಪುಸ್ತಕಗಳೊಳಗೇ ಬದುಕಿದವಳು. ಅವಳ ಬಾಯಿಗೆ ಬರುವ ಇಂಗ್ಲಿಷು ಆ ಪುಸ್ತಕಗಳದ್ದು. ಸಿಲ್ಲಿ ಎಂದರೆ ನಿಷ್ಪಾಪಿ, ದಿಕ್ಕಿಲ್ಲದ್ದು. ಗರ್ಲ್ ಎಂದರೆ ಗಂಡಾದರೂ ಹೆಣ್ಣಾದರೂ ಮಗು. ಅಂದಮೇಲೆ ಅವಳು ನಿನಗೆ ಅಂದದ್ದೇ ಅಲ್ಲ. ಆ ಮಗುವಿಗೆ ಅಂದದ್ದು. ಅಯ್ಯೋ ಪಾಪ, ಏನೂ ಅರಿಯದ ಕೂಸು, ಎಂದು. ಅಕ್ಕಾ, ಎಷ್ಟು ಚೆನ್ನಾಗಿ ಕೂತಿತು ಎಂದರೆ, ಚೌಕಟ್ಟಿಗೆ ಗಾಜು ಟಕ್ಕೆಂದು ಕೂತ ಹಾಗೆ. ಆವತ್ತೇ ನಿನಗೆ ಬರೆಯಬೇಕೆಂದು ಹಾಳೆ ತೆಗೆದೆ. ಆದರೆ ಅಮ್ಮನ ಬಾಯಿಂದಲೇ ಬರಲಿ, ಎಸ್ ಅಕ್ಷರ ಬಂದಾಗ ಅವಳೇ ಹೇಳುತ್ತಾಳೆ, ಆಗ ಅವಳದೇ ಮಾತಿನಲ್ಲಿ ಬರೆದು ಕಳಿಸಿದರೆ ನೀನು ಇಲ್ಲ ಅನ್ನಲಾರೆ ಎಂದು ಕಾದೆ. ಯಾರಿಗೂ ಹೇಳಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗೋಡೆಗೆ ಹಾಕುತ್ತಾರಲ್ಲ, ಮಾತನ್ನೇ ಬದುಕು ಮಾಡಿಕೊಂಡವಳ ಮನೆಯಲ್ಲಿ ಇಷ್ಟು ವರ್ಷದ ಜಗಳ ಒಂದು ತಪ್ಪು ಅರ್ಥದಿಂದ ಎಂದು ಗೊತ್ತಾದರೆ ಎಲ್ಲರೂ ನಕ್ಕುಬಿಡುತ್ತೇವೆ ಎಂದೇ ನಂಬಿದ್ದೆ.

ಎಸ್ ನಿನ್ನೆ ಶನಿವಾರ ಬಂತು. ಅಂಗಡಿಗೆ ಅರ್ಧ ದಿನ ರಜೆ. ನನ್ನವಳು ಗುಬ್ಬಿಯನ್ನು ಕರೆದುಕೊಂಡು ಚಪ್ಪಲಿ ಕೊಡಿಸಲು ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ. ಕಿಟಕಿಯಾಚೆ ಯಾರೋ ಕಾರು ತೊಳೆಯುತ್ತಿದ್ದರು, ಪೈಪಿನ ನೀರು ರಸ್ತೆಯುದ್ದಕ್ಕೂ ಹರಿಯುತ್ತಿತ್ತು. ಅಮ್ಮ ಸ್ಯಾಡ್ ಹೇಳಿಸಿದಳು. ಈಗ ದುಃಖ, ಆಗ ಹೊಟ್ಟೆ ತುಂಬಿದ, ಸಾಕಾದ, ಭಾರವಾದ. ಮುಗಿಯಿತು. ಒಂದು ಗುಟುಕು ನೀರು ಕೇಳಿದಳು, ಕುಡಿಸಿದೆ. ಆಮೇಲೆ ಸ್ಟಾರ್ವ್ ಎಂದಳು. ಈಗ ಹಸಿವಿನಿಂದ ಸಾಯು, ಆಗ ಬರೀ ಸಾಯು, ಯಾವುದರಿಂದಲಾದರೂ. ನಾನು ಟೈಪು ಮಾಡಲಿಲ್ಲ. ಡುಮ್ಕಿ ಹೊಡೆದವನಾದರೂ ಎ ಬಿ ಸಿ ಡಿ ಬರುತ್ತದಲ್ಲ ನನಗೆ. ನಡುವೆ ಒಂದು ಬಿಟ್ಟೆಯಲ್ಲಮ್ಮ ಎಂದೆ. ಯಾವುದು ಎಂದು ಅವಳು ಕೇಳಲಿಲ್ಲ. ಅದು ಬೇಡ, ಎಲ್ಲ ಪುಸ್ತಕದಲ್ಲೂ ಇರುತ್ತೆ ಎಂದಳು. ಎಲ್ಲ ಪುಸ್ತಕದಲ್ಲಿ ಇರುವುದೇ ನೈಸ್ ಕೂಡ, ಅದನ್ನು ಹಾಕಿದ್ದೀಯಲ್ಲ ಎಂದೆ. ಅಮ್ಮ ಬಸ್ ಸ್ಟಾಪು ನೋಡತೊಡಗಿದಳು.

ಆಗ ನಾನು ಹೇಳಿಬಿಟ್ಟೆ. ನಿಘಂಟು ನೋಡಿದ್ದು, ಕುರಿಮರಿ, ಹಡಗು, ಗರ್ಲ್ ಅಂದರೆ ಮಗು, ಎಲ್ಲ. ವಕೀಲನ ಹಾಗೆ ಒಂದರ ಮೇಲೊಂದು ಇಟ್ಟೆ. ಕೊನೆಗೆ, ಅಮ್ಮಾ, ಆವತ್ತು ನೀನು ಅಂದಿದ್ದು ಅಕ್ಕನಿಗಲ್ಲ, ಮಗುವಿಗೆ, ಹಳೇ ಅರ್ಥದಲ್ಲಿ, ಅಲ್ವಾ ಎಂದೆ. ಹೂಂ ಅನ್ನು, ಬರೀ ಹೂಂ ಅನ್ನು ಸಾಕು ಎಂದು ಒಳಗೇ ಬೇಡಿಕೊಳ್ಳುತ್ತಿದ್ದೆ. ಕಾರು ತೊಳೆಯುವವನು ಪೈಪು ಸುತ್ತಿಟ್ಟು ಹೋದ.

"ಇಲ್ಲ" ಎಂದಳು. ಆಮೇಲೆ, "ಮಗೂನ ನಾನು ಇಂಗ್ಲಿಷಲ್ಲಿ ಮಾತಾಡಿಸಲಿಲ್ಲ" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ನೀನು ಇನ್ನೂ ಮಂಪರಿನಲ್ಲಿದ್ದೆಯಂತೆ. ನರ್ಸು ಬಟ್ಟೆಯಲ್ಲಿ ಸುತ್ತಿ ತಂದು, ಮನೆಯವರು ಯಾರಾದರೂ ನೋಡುತ್ತೀರಾ ಎಂದು ಕೇಳಿದಳಂತೆ. ಭಾವ ನನ್ನ ಕೈಲಿ ಆಗಲ್ಲ ಎಂದು ಮೆಟ್ಟಿಲಿಳಿದು ಹೋದರಂತೆ. ಅವರನ್ನು ತಪ್ಪು ತಿಳಿಯಬೇಡ ಅಕ್ಕಾ, ನನ್ನ ಕೈಲೂ ಆಗುತ್ತಿರಲಿಲ್ಲ. ನಾನು ಆಗ ಫ್ಲಾಸ್ಕಿಗೆ ಚಹಾ ತುಂಬಿಸಲು ಕೆಳಗೆ ಹೋಗಿದ್ದೆ. ಅಮ್ಮ ಕೈ ಚಾಚಿದಳಂತೆ. ಕಾರಿಡಾರಿನ ಬೆಂಚಿನ ಮೇಲೆ ಕೂತು ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದಳಂತೆ, ನರ್ಸು ಮತ್ತೆ ಬಂದು ಕೇಳುವವರೆಗೆ. "ಇನ್ನೂ ಬೆಚ್ಚಗಿತ್ತು ಕಣೋ. ಈ ಕೈಗೆ ಆಗೆಲ್ಲ ಚೆನ್ನಾಗಿ ಗೊತ್ತಾಗ್ತಿತ್ತು." ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಕೊಟ್ಟ ಮೇಲೆ ಅವಳಿಗೆ ಏನೂ ಅನ್ನಿಸಲೇ ಇಲ್ಲವಂತೆ. ಅಳು ಇಲ್ಲ, ಸಂಕಟ ಇಲ್ಲ, ಎದೆಯೊಳಗೆ ಮರದ ಹಲಗೆ ಇಟ್ಟ ಹಾಗೆ. ಏನಾದರೂ ಅನ್ನಿಸಲಿ ಎಂದು ಹುಡುಕಿದರೆ ಸಿಕ್ಕಿದ್ದು ಸಿಟ್ಟು ಒಂದೇ. ಬೇಡ ಬೇಡ ಎಂದರೂ ನೀನು ಏಣಿ ಹತ್ತಿ ಮಗುವಿನ ಕೋಣೆಗೆ ಬಣ್ಣ ಹೊಡೆದೆ ಎಂಬ ಸಿಟ್ಟು. ಏಣಿಗೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು, ಅವಳು ಕೇಳಿಸಿಕೊಂಡೂ ಇದ್ದಳು. "ಗೊತ್ತಿದ್ದೇ ಅಂದೆ. ಪೆದ್ದಿ ಅನ್ನೋ ಅರ್ಥದಲ್ಲೇ ಅಂದೆ. ಇವತ್ತಿನ ಅರ್ಥ. ಕನ್ನಡದಲ್ಲಿ ಅನ್ನೋ ಧೈರ್ಯ ಇರಲಿಲ್ಲ, ಅದಕ್ಕೆ ಇಂಗ್ಲಿಷಲ್ಲಿ ಅಂದೆ."

ನಾನು ಬಿಡಲಿಲ್ಲ. ಇರಲಿ ಅಮ್ಮ, ಅಕ್ಕನಿಗೆ ಹಳೇ ಅರ್ಥ ಎಂದೇ ಬರೆಯೋಣ, ಯಾರಿಗೆ ನಷ್ಟ, ಅವಳ ಮನಸ್ಸಾದರೂ ಹಗುರಾಗುತ್ತದೆ ಎಂದೆ. ಅಮ್ಮ ನನ್ನ ಮುಖ ನೋಡಿದ ನೋಟ ನೀನು ನೋಡಬೇಕಿತ್ತು. ಪರೀಕ್ಷೆಯಲ್ಲಿ ನಕಲು ಹೊಡೆಯುವಾಗ ಸಿಕ್ಕಿಬಿದ್ದ ಹಾಗಾಯಿತು. "ಅರ್ಥ ತಿದ್ದೋದು ನನ್ನ ಕೆಲಸ ಅಲ್ಲ. ಯಾವತ್ತು ಏನಿತ್ತೋ ಅದನ್ನ ಬರೀಬೇಕು, ಅಷ್ಟೇ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಒಡೆದ ಮುತ್ತಿಗೆ ಗೋಂದು ಹಚ್ಚಿ ಮಾರಾಟ ಮಾಡ್ತೀಯಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ತಪ್ಪು ಮಾಡಿದೆ. ಅವಳು ಪೆದ್ದಿ ಆಗಿರಲಿಲ್ಲ. ಅವತ್ತು ಅವಳನ್ನ ಮುಟ್ಟಬೇಕಿತ್ತು, ಮುಟ್ಟಲಿಲ್ಲ" ಎಂದಳು. ಅವಳು ತಪ್ಪು ಎಂದದ್ದನ್ನು ನನ್ನ ಆಯುಷ್ಯದಲ್ಲಿ ಮೊದಲ ಸಲ ಕೇಳಿದೆ. ಅದೂ ಕಣ್ಣಲ್ಲಿ ನೀರು ತಂದುಕೊಂಡಲ್ಲ, ಪುಟದ ಸಂಖ್ಯೆ ಹೇಳುವ ಹಾಗೆ.

ಮಗು ಹೇಗಿತ್ತಮ್ಮ ಎಂದು ಕೇಳಿದೆ. ಮೂಗು ಯಾರದ್ದು, ಕೂದಲಿತ್ತೇ, ಎಂದು ಏನೇನೋ ಬಾಯಿಗೆ ಬಂತು. ಅಮ್ಮ ತಲೆ ಅಲ್ಲಾಡಿಸಿ, "ಅದು ನಿನಗೆ ಹೇಳೋದಲ್ಲ" ಎಂದಳು. ಆಮೇಲೆ ಆ ಶಬ್ದವನ್ನು ಹೇಳಿಸಿದಳು, ಮೊದಲಿನಿಂದ ಕೊನೆಯವರೆಗೆ, ಒಂದು ಅರ್ಥವನ್ನೂ ಬಿಡದೆ. ಪುಣ್ಯವಂತ, ನಿಷ್ಪಾಪಿ, ದಿಕ್ಕಿಲ್ಲದ, ಬಲವಿಲ್ಲದ, ಪೆದ್ದು. ಅಯ್ಯೋ ಅನ್ನಿಸುವ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಮಾತು ಬೇಕು ಎಂದು ತಡಕಾಡಿ, ಪಾಪ ಎಂದು ಹಾಕಿಸಿದಳು. ಮಾಡಿದ್ದಕ್ಕೂ ಪಾಪ ಅಂತೀವಿ, ಪಟ್ಟದ್ದಕ್ಕೂ ಪಾಪ ಅಂತೀವಿ, ಓದೋರು ಗೊಂದಲ ಮಾಡ್ಕೋತಾರೇನೋ ಎಂದು ಅನುಮಾನಿಸಿದಳು. ಕೊನೆಗೆ ಇರಲಿ ಬಿಡು ಎಂದಳು. ನಾನು ಟೈಪು ಮಾಡಿದೆ, ಉಳಿಸಿದೆ, ಲ್ಯಾಪ್‌ಟಾಪು ಮುಚ್ಚಿದೆ. ನನಗೂ ಏನೂ ಅನ್ನಿಸಲಿಲ್ಲ. ಆಸ್ಪತ್ರೆಯಿಂದ ಬಂದ ದಿನವೂ ಹಾಗೆಯೇ ಅಂಗಡಿಗೆ ಹೋಗಿ ಯಾರದೋ ಕನ್ನಡಕಕ್ಕೆ ಗಾಜು ಕೂರಿಸಿದ್ದೆ. ಒಂದು ಗೆರೆಯೂ ಆಚೀಚೆ ಆಗಿರಲಿಲ್ಲ. ಗುಬ್ಬಿ ಹೊಸ ಚಪ್ಪಲಿ ಹಾಕಿಕೊಂಡು ಬಂದು ಅಜ್ಜಿಯ ಮುಂದೆ ನಡೆದು ತೋರಿಸಿದಳು. ಅಮ್ಮ ಎಡಗಾಲಿನದು ಬಲಗಾಲಿಗೆ ಹಾಕಿದ್ದೀಯ ಎಂದಳು.

ಇದನ್ನೆಲ್ಲ ಓದಿ ನೀನು ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಕ್ಷಮಿಸು ಎಂದು ಬರೆಯಲು ಅಮ್ಮ ಹೇಳಿಲ್ಲ, ನಾನೂ ಬರೆಯುತ್ತಿಲ್ಲ. ಅವಳು ಅಂದದ್ದು ನೀನು ಕೇಳಿಸಿಕೊಂಡ ಅರ್ಥದಲ್ಲೇ ಆಗಿತ್ತು. ನಿನಗೆ ತಪ್ಪು ಕೇಳಿಸಿರಲಿಲ್ಲ, ನೀನು ಅತಿಯಾಗಿ ಹಚ್ಚಿಕೊಂಡವಳೂ ಅಲ್ಲ. ಬೇರೇನಕ್ಕಲ್ಲದಿದ್ದರೂ, ಇದು ನಿನಗೆ ಗೊತ್ತಿರಲಿ ಎಂದು ಬರೆದೆ. ಇಷ್ಟು ವರ್ಷ, ನಾನೇ ಹುಚ್ಚಿಯೇನೋ, ಮೂರು ಶಬ್ದಕ್ಕೆ ತವರು ಬಿಟ್ಟೆನೇನೋ ಎಂದು ನೀನು ಯಾವಾಗಲಾದರೂ ಅಂದುಕೊಂಡಿದ್ದರೆ, ಹಾಗಲ್ಲ. ಆ ಕೋಣೆಗೆ ಯಾವ ಬಣ್ಣ ಹೊಡೆದಿದ್ದೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಯಾವ ಬಣ್ಣ ಅಕ್ಕಾ?

ಹೊತ್ತು ಹೊತ್ತಿಗೆ ಊಟ ಮಾಡು, ಚಳಿಗೆ ಕಿವಿ ಮುಚ್ಚಿಕೋ. ಭಾವನಿಗೆ ನನ್ನ ಮತ್ತು ನನ್ನವಳ ನಮಸ್ಕಾರ ಹೇಳು, ಆ ಮೆಟ್ಟಿಲಿನ ವಿಷಯ ಎತ್ತಬೇಡ. ಗುಬ್ಬಿ ತನ್ನ ಬಿದ್ದ ಹಲ್ಲನ್ನು ಕವರಿನಲ್ಲಿ ಹಾಕಿ ಅತ್ತೆಗೆ ಕಳಿಸು ಎಂದು ಕೊಟ್ಟಿದ್ದಾಳೆ. ಬೇಡ ಎಂದರೆ ಅಳುತ್ತಾಳೆ, ಹಾಗಾಗಿ ಕಳಿಸುತ್ತಿದ್ದೇನೆ, ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು. ನೀವಿಬ್ಬರೂ ತಣ್ಣಗಿರಿ.

ನಿನ್ನ ತಮ್ಮ,
ಕುಳ್ಳ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಬರುವ ಗುರುವಾರ ಬೆಳಿಗ್ಗೆ ಅಮ್ಮನ ಕತ್ತಿಗೆ ಆಪರೇಷನ್. ಮಾಡಿಸದಿದ್ದರೆ ಕಾಲೂ ಹೋಗುತ್ತದಂತೆ. ಮುಂದಿನಿಂದ, ಗಂಟಲ ಪಕ್ಕದಿಂದ ಕೊಯ್ಯುತ್ತಾರೆ. ದನಿಯ ನರ ಅಲ್ಲೇ ಇದೆಯಂತೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ದನಿ ಹೋಗಿ ವಾಪಸು ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂದು ಡಾಕ್ಟರು ನಮ್ಮಿಬ್ಬರ ಮುಂದೆಯೇ ಹೇಳಿದರು. ಕೈಯಲ್ಲಂತೂ ಅವಳು ಬರೆಯಲಾರಳು. ಮಗುವಿನ ಮುಖ ನೋಡಿದವಳು ಅವಳೊಬ್ಬಳೇ ಅಕ್ಕಾ. ಅದನ್ನು ನನಗೆ ಹೇಳುವುದಿಲ್ಲ, ಟೈಪು ಮಾಡಿಸುವುದಿಲ್ಲ, ಫೋನಿನಲ್ಲಿ ಹೇಳು ಎಂದರೆ ಅದು ಫೋನಲ್ಲಿ ಹೇಳೋದಾ ಎಂದು ಗದರುತ್ತಾಳೆ. ಇದನ್ನು ನಾಳೆಯೇ ಕೊರಿಯರ್ ಮಾಡುತ್ತೇನೆ, ಮಂಗಳವಾರ ನಿನ್ನ ಕೈ ಸೇರುತ್ತದೆ. ಬುಧವಾರ ಹಗಲು ರೈಲಿಗೆ ಹೊರಟರೆ ಸಂಜೆಗೆ ಇಲ್ಲಿರುತ್ತೀಯ. ಬಾ ಎಂದು ಅವಳು ಹೇಳಿಲ್ಲ, ಅದು ನಾನು ಹೇಳುತ್ತಿರುವುದು. ಆದರೆ ಇವತ್ತು ಬೆಳಿಗ್ಗೆಯಿಂದ ಡಿಕ್ಟೇಷನ್ ಇಲ್ಲ, ಗುಬ್ಬಿಗೆ ಕಥೆ ಇಲ್ಲ, ಚಹಾ ಬೇಕೇ ಎಂದರೆ ಬರೀ ತಲೆ ಆಡಿಸುತ್ತಾಳೆ. ಸಿಟ್ಟೇನಮ್ಮ ಎಂದು ಕೇಳಿದ್ದಕ್ಕೆ, ಪಿಸುಗುಟ್ಟಿದಳು: "ಇಲ್ಲ. ದನಿ ಉಳಿಸ್ಕೋತಿದೀನಿ."